ಜರಡಿಯ ಮೇಲೆ ಉಳಿದದ್ದು, ಕೆಳಗೆ ಇಳಿದದ್ದು

ಕಡಲ ತಳದ ಮರಳಿನಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಬೇರ್ಪಡಿಸುವ ಮತ್ತು ಗುರುತಿಸುವ ವಿಧಾನಗಳಲ್ಲಿ ಹೆಚ್ಚಿನವು ರೂಪುಗೊಂಡದ್ದು ಯುರೋಪಿನ ತಣ್ಣನೆಯ ಕರಾವಳಿಯಲ್ಲಿ. ಇಂಗ್ಲೆಂಡಿನ ಪ್ಲಿಮತ್, ಫ್ರಾನ್ಸಿನ ರಾಸ್ಕಾಫ್, ಜರ್ಮನಿಯ ಹೆಲ್ಗೊಲ್ಯಾಂಡ್ ದ್ವೀಪ, ಈ ಮೂರೂ ಕಡೆ ಹಳೆಯ ಕಡಲ ಸಂಶೋಧನಾ ಕೇಂದ್ರಗಳಿವೆ. ಮೂರೂ ಕಡೆ ಬಂಡೆಗಳ ಮೇಲೆ ಕೆಲ್ಪ್ ಎಂಬ ದೊಡ್ಡ ಕಂದು ಪಾಚಿಯ ಕಾಡುಗಳಿವೆ. ನಾನು ಈ ವಿಧಾನಗಳನ್ನು ಕಲಿತದ್ದು ಕೆಲ್ಪ್ ಇಲ್ಲವೇ ಇಲ್ಲದ, ಉಡುಪಿ ಜಿಲ್ಲೆಯ ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಆಚೀಚೆ ಹರಡಿರುವ ಬಂಡೆಗಳ ನಡುವೆ. ಮಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದಾಗ ನಮ್ಮ ಮಾರ್ಗದರ್ಶಕರು ಓದಲು ಕೊಟ್ಟ ಲೇಖನಗಳಲ್ಲಿ ಅರ್ಧಕ್ಕರ್ಧ ಕೆಲ್ಪ್ ಕಾಡಿನ ತಳಕ್ಕೆ ಸಂಬಂಧಿಸಿದವು. "ವಿಧಾನವನ್ನು ಅಲ್ಲಿಂದ ಕಲಿಯಿರಿ, ಮರಳನ್ನು ಇಲ್ಲಿಂದ ತನ್ನಿ" ಎಂದಷ್ಟೇ ಅವರು ಹೇಳಿದ್ದರು. ಆ ವಿಧಾನಗಳಲ್ಲಿ ಪ್ರತಿಯೊಂದೂ ಕೆಲವು ಜೀವಿಗಳನ್ನು ತೋರಿಸುವುದಕ್ಕಾಗಿ ಬೇರೆ ಕೆಲವನ್ನು ನಾಶ ಮಾಡುತ್ತದೆ ಎಂಬುದು ಲೇಖನಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ವಿಷಯ. ಕೆಲಸಕ್ಕೆ ಇಳಿದ ಮೇಲೆ ಅದೇ ಎಲ್ಲಕ್ಕಿಂತ ದೊಡ್ಡ ವಿಷಯವಾಗಿ ಎದುರು ನಿಲ್ಲುತ್ತದೆ.

ಕೆಲ್ಪ್ ಬೆಳೆಯಬೇಕಾದರೆ ನೀರು ತಣ್ಣಗಿರಬೇಕು. ನಮ್ಮ ಕರಾವಳಿಯ ನೀರು ವರ್ಷದ ಬಹುಕಾಲ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುತ್ತದೆ. ಇಲ್ಲಿನ ಬಂಡೆಗಳ ಮೇಲೆ ಮಳೆಗಾಲ ಕಳೆದ ಮೇಲೆ ಚಿಗುರಿ ಬೇಸಿಗೆಯ ಹೊತ್ತಿಗೆ ಕಳಚಿಹೋಗುವ ಕಂದು ಪಾಚಿ ಎಂದರೆ ಸರ್ಗ್ಯಾಸಮ್; ಕೆಲ್ಪ್ ಸೇರಿರುವ ವರ್ಗಕ್ಕೇ ಸೇರಿದ್ದರೂ ಇದರ ಗಣ ಬೇರೆ, ಎತ್ತರವೂ ಕಡಿಮೆ. ಕ್ಯಾಲಿಫೋರ್ನಿಯಾದ ದೈತ್ಯ ಕೆಲ್ಪ್ ಅನುಕೂಲ ಸಿಕ್ಕಿದರೆ ದಿನಕ್ಕೆ ಅರ್ಧ ಮೀಟರ್‌ನಷ್ಟು ಬೆಳೆದು 30 ಮೀಟರ್ ಮೀರುತ್ತದೆ. ಕಾಪುವಿನ ಸರ್ಗ್ಯಾಸಮ್ ಮೊಣಕಾಲು ದಾಟಿದರೆ ಹೆಚ್ಚು. ಆದರೂ ಅರಬ್ಬೀ ಸಮುದ್ರಕ್ಕೆ ಕೆಲ್ಪ್ ಪೂರ್ತಿ ಅಪರಿಚಿತವಲ್ಲ. ನಮ್ಮಲ್ಲಿ ಮಳೆ ಸುರಿಸುವ ನೈರುತ್ಯ ಮಾರುತವೇ ಒಮಾನಿನ ಧೋಫಾರ್ ಕರಾವಳಿಯಲ್ಲಿ ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ, ಆಳದ ತಣ್ಣೀರು ಮೇಲೆ ಬರುತ್ತದೆ, ಆ ಕೆಲವು ತಿಂಗಳಲ್ಲಿ ಅಲ್ಲಿ ಎಕ್ಲೋನಿಯಾ ಎಂಬ ಕೆಲ್ಪ್ ಬೆಳೆಯುತ್ತದೆ. ಇಲ್ಲಿ ನಾವು ಕಡಲಿಗೆ ಇಳಿಯಲಾಗದೆ ಮನೆಯಲ್ಲಿ ಕೂತಿರುವಾಗ ಅಲ್ಲಿ ಕಾಡು ಮೇಲೇಳುತ್ತಿರುತ್ತದೆ.

ಕೆಲ್ಪ್ ಕಾಡಿನ ತಳದ ಅಧ್ಯಯನಕ್ಕೆ ಮಹತ್ವ ಬಂದದ್ದು ಒಂದು ಲೆಕ್ಕದಿಂದ. ಕೆಲ್ಪ್ ಉತ್ಪಾದಿಸುವ ಒಟ್ಟು ಪದಾರ್ಥದಲ್ಲಿ ಜೀವಂತ ಎಲೆಯಾಗಿಯೇ ಪ್ರಾಣಿಗಳ ಹೊಟ್ಟೆ ಸೇರುವುದು ಸಣ್ಣ ಪಾಲು. ಸುಮಾರು ಐದರಲ್ಲಿ ನಾಲ್ಕು ಪಾಲು ಹರಿದು, ಸವೆದು, ಉದುರಿ ತಳಕ್ಕೆ ಸೇರುತ್ತದೆ ಅಥವಾ ಬೇರೆಡೆಗೆ ಕೊಚ್ಚಿಹೋಗುತ್ತದೆ. ಹಾಗೆ ಬಿದ್ದ ಚೂರುಗಳ ಮೇಲೆ ಬ್ಯಾಕ್ಟೀರಿಯಾ ಕೂರುತ್ತವೆ, ಬ್ಯಾಕ್ಟೀರಿಯಾವನ್ನು ದುಂಡುಹುಳುಗಳು ಮತ್ತು ಏಕಕೋಶಜೀವಿಗಳು ತಿನ್ನುತ್ತವೆ, ಅವನ್ನು ಅವುಗಳಿಗಿಂತ ತುಸು ದೊಡ್ಡವು ತಿನ್ನುತ್ತವೆ. ಮೀನಿನ ಮರಿಗಳವರೆಗೆ ಹೋಗುವ ಈ ಸಾಲಿನ ಮೊದಲ ಕೆಲವು ಮೆಟ್ಟಿಲುಗಳೆಲ್ಲ ಸೂಕ್ಷ್ಮದರ್ಶಕದ ಅಡಿಯಲ್ಲಿ ಮಾತ್ರ ಕಾಣುವಂಥವು. ಸರ್ಗ್ಯಾಸಮ್ ಚಿಕ್ಕದಾದರೂ ಅದರ ಅಡಿಯ ಮರಳಿನಲ್ಲೂ ಇದೇ ವ್ಯವಹಾರ ನಡೆಯುತ್ತದೆ ಎಂಬ ಧೈರ್ಯದ ಮೇಲೆ ನನ್ನ ಕೆಲಸ ನಿಂತಿತ್ತು.

ಕಾಪುವಿನಲ್ಲಿ ಪಾಚಿಯ ಬುಡ ತಲುಪಬೇಕಾದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತ ಬೇಕು. ಉಬ್ಬರವಿಳಿತದ ಪಟ್ಟಿ ನೋಡಿಕೊಂಡು, ನೀರು ಇನ್ನೂ ಇಳಿಯುತ್ತಿರುವಾಗಲೇ ಬಂಡೆಯ ಕಡೆ ಹೊರಟರೆ ನೀರು ತಿರುಗುವ ಮೊದಲು ಒಂದಿಷ್ಟು ಸಮಯ ಸಿಗುತ್ತದೆ. ಅದೇ ಇಳಿತಕ್ಕೆ ಬಂಡೆಯಿಂದ ಪಚ್ಚಿಲೆ ಎಂಬ ಚಿಪ್ಪುಜೀವಿ ಕೀಳುವವರೂ ಬರುತ್ತಾರೆ. ಅವರಲ್ಲಿ ಹಿರಿಯರೊಬ್ಬರು ನನ್ನ ಪ್ಲಾಸ್ಟಿಕ್ ಕೊಳವೆಗಳನ್ನೂ ಡಬ್ಬಿಗಳನ್ನೂ ಬಹಳ ಹೊತ್ತು ನೋಡಿ, "ಎಂತ ಮೇಡಂ, ಆ ಮರಳಲ್ಲಿ ಎಂತ ಉಂಟು?" ಎಂದು ಕೇಳಿದರು. ಕಣ್ಣಿಗೆ ಕಾಣದ ಹುಳುಗಳಿವೆ ಎಂದೆ. "ಹಾಗಾದ್ರೆ ಉಂಟು ಅಂತ ನಿಮಗೆ ಹೇಗೆ ಗೊತ್ತು?" ಎಂದರು. ನಾನು ನಕ್ಕು ಸುಮ್ಮನಾದೆ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ನನ್ನ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲೂ ಅದನ್ನೇ ಕೇಳಿಯಾರು.

ಮೊದಲ ಕೆಲಸ ಡಯಾಟಮ್‌ಗಳದು, ಏಕೆಂದರೆ ಅವು ಕಾಯುವುದಿಲ್ಲ. ಸಿಲಿಕಾದ ಚಿಪ್ಪಿನೊಳಗೆ ಬದುಕುವ ಈ ಏಕಕೋಶ ಪಾಚಿಗಳಲ್ಲಿ ಮರಳಿನವು ಬೆಳಕನ್ನೂ ನೀರಿನ ಏರಿಳಿತವನ್ನೂ ಅನುಸರಿಸಿ ಮೇಲೆ ಕೆಳಗೆ ಚಲಿಸುತ್ತವೆ. ಇಳಿತದ ವೇಳೆ ಬಂಡೆಯ ಮರೆಯ ಒದ್ದೆ ಮರಳಿನ ಮೇಲೆ ಕಾಣುವ ಹೊಂಗಂದು ಬಣ್ಣದ ತೆಳುವಾದ ಲೇಪ ಅವುಗಳದೇ. ಸೂಕ್ಷ್ಮದರ್ಶಕದ ಮಸೂರ ಒರೆಸುವ ತೆಳುಕಾಗದದ ತುಂಡನ್ನು ಆ ಮರಳಿನ ಮೇಲೆ ಹಾಸಿ ಬಿಟ್ಟರೆ, ಜೀವಂತ ಡಯಾಟಮ್‌ಗಳು ತಾವಾಗಿಯೇ ತೆವಳಿಕೊಂಡು ಕಾಗದದ ಎಳೆಗಳೊಳಗೆ ಬರುತ್ತವೆ. ಕಾಗದ ಎತ್ತಿ ಸೋಸಿದ ಕಡಲನೀರಿನ ಡಬ್ಬಿಗೆ ಹಾಕಿದರೆ ಮುಗಿಯಿತು. ಈ ವಿಧಾನ ಮರಳಿನ ಕಣಕ್ಕೆ ಅಂಟಿ ಕೂತಿರುವ, ತೆವಳದ ಜಾತಿಗಳನ್ನು ಅಲ್ಲಿಯೇ ಬಿಟ್ಟುಬಿಡುತ್ತದೆ. ಅವು ಬೇಕಾದರೆ ಮರಳನ್ನೇ ತರಬೇಕು.

ಮರಳು ತೆಗೆಯುವ ಕೊಳವೆಯ ಒಳವ್ಯಾಸ ಸುಮಾರು 3.6 ಸೆಂಟಿಮೀಟರ್; ಬಾಯಿಯ ವಿಸ್ತೀರ್ಣ 10 ಚದರ ಸೆಂಟಿಮೀಟರ್ ಆಗಲೆಂದು ಆ ಅಳತೆ. ಅದನ್ನು ನೇರವಾಗಿ ಒತ್ತಿ, ಮೇಲ್ಬಾಯಿಗೆ ಬಿರಡೆ ಹಾಕಿ, ಕೆಳಗಿನಿಂದ ಅಂಗೈ ಕೊಟ್ಟು ಎತ್ತಿದರೆ ಮರಳಿನ ಕಂಬ ಕೊಳವೆಯೊಳಗೆ ಉಳಿಯುತ್ತದೆ. ಅಲೆ ನೇರವಾಗಿ ಬಡಿಯುವ ಜಾಗದಲ್ಲಿ ಕಂಬ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ, ಕಣ ದಪ್ಪ, ನೀರು ತಕ್ಷಣ ಸೋರಿಹೋಗುತ್ತದೆ. ಬಂಡೆಯ ಹಿಂದೆ ಸರ್ಗ್ಯಾಸಮ್ ಕೊಳೆತು ಬಿದ್ದಿರುವ ಹೊಂಡದಲ್ಲಾದರೆ ಕೆಲವೇ ಸೆಂಟಿಮೀಟರ್ ಕೆಳಗೆ ಮರಳು ಬೂದಿಬಣ್ಣಕ್ಕೆ ತಿರುಗಿ ಆಮೇಲೆ ಕಪ್ಪಾಗುತ್ತದೆ. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. ಅಲ್ಲಿಗೆ ಆಮ್ಲಜನಕ ಇಳಿಯುವುದಿಲ್ಲ. ಸಲ್ಫೇಟನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಕಬ್ಬಿಣದೊಡನೆ ಸೇರಿ ಆ ಕಪ್ಪು ಬಣ್ಣ ಕೊಡುತ್ತದೆ. ಕಂಬವನ್ನು ಒಂದೊಂದು ಸೆಂಟಿಮೀಟರಿಗೆ ಕೊಯ್ದು ಬೇರೆ ಬೇರೆ ಡಬ್ಬಿಗೆ ಹಾಕುವುದು ಈ ಕಾರಣಕ್ಕಾಗಿಯೇ. ಮೇಲಿನ ಹೋಳಿನಲ್ಲಿ ಇರುವವರು ಬೇರೆ, ಕಪ್ಪು ಹೋಳಿನಲ್ಲಿ ಇರುವವರು ಬೇರೆ. ಒಟ್ಟಿಗೆ ಕಲಸಿದರೆ ಇಬ್ಬರ ಲೆಕ್ಕವೂ ಕೆಡುತ್ತದೆ.

ಪಾಚಿಯ ಬುಡದ ಹಿಡಿಕೆಯನ್ನು ಬೇರೆಯೇ ಚೀಲಕ್ಕೆ ಹಾಕಬೇಕು. 1834ರಲ್ಲಿ ಡಾರ್ವಿನ್ ಟಿಯೆರಾ ಡೆಲ್ ಫ್ಯೂಗೊದಲ್ಲಿ ಕೆಲ್ಪಿನ ಹೆಣೆದುಕೊಂಡ ಬುಡಗಳನ್ನು ಅಲುಗಾಡಿಸಿ, ಅದರಿಂದ ಉದುರಿದ ಸಣ್ಣ ಮೀನು, ಚಿಪ್ಪು, ಏಡಿ, ನಕ್ಷತ್ರಮೀನುಗಳ ರಾಶಿಯನ್ನು ಕಂಡು ಬೆರಗಾದದ್ದನ್ನು ದಾಖಲಿಸಿದ್ದಾನೆ. ನಾವು ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಆದರೆ ಉದುರಿದ್ದರಲ್ಲಿ ಬರಿಗಣ್ಣಿಗೆ ಕಾಣುವುದನ್ನೆಲ್ಲ ಬದಿಗಿಟ್ಟು ಕಾಣದ್ದನ್ನು ಹುಡುಕುತ್ತೇವೆ. ಪಾಚಿಯನ್ನು ನೀರಿನೊಳಗೇ ಚೀಲದಿಂದ ಮುಚ್ಚಿ, ಆಮೇಲೆ ಬುಡ ಕತ್ತರಿಸಬೇಕು. ಮೊದಲು ಕಿತ್ತು ಆಮೇಲೆ ಚೀಲ ಹಿಡಿದರೆ ಈಜುವವೆಲ್ಲ ಅಷ್ಟರೊಳಗೆ ಪರಾರಿಯಾಗಿರುತ್ತವೆ.

ಮಂಗಳೂರಿಗೆ ಮರಳಿದ ಮೇಲೆ ಊಟಕ್ಕೂ ಮೊದಲು ಒಂದು ಪಾಲು ಮರಳನ್ನು ಜೀವಂತವಾಗಿ ನೋಡುವುದು ನಮ್ಮ ಪ್ರಯೋಗಾಲಯದ ರೂಢಿ. ಮರಳಿನ ಪ್ರಾಣಿಗಳಲ್ಲಿ ಅನೇಕವಕ್ಕೆ ಅಂಟುಗ್ರಂಥಿಗಳಿರುತ್ತವೆ; ಅಲೆ ಬಂದಾಗ ಕೊಚ್ಚಿಹೋಗದಂತೆ ಅವು ಕಣಕ್ಕೆ ಅಂಟಿಕೊಳ್ಳುತ್ತವೆ, ನಾವು ನೀರು ಕಲಕಿದಾಗಲೂ ಅದನ್ನೇ ಮಾಡುತ್ತವೆ. ಅದಕ್ಕಾಗಿ ಸುಮಾರು 7 ಶೇಕಡಾ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮರಳನ್ನು ಹತ್ತು ನಿಮಿಷ ನೆನೆಸಬೇಕು. ಆ ಪ್ರಮಾಣದ ದ್ರಾವಣದ ಸಾಂದ್ರತೆ ಕಡಲನೀರಿಗೆ ಹೊಂದುತ್ತದಾದ್ದರಿಂದ ಜೀವಕೋಶ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೆಗ್ನೀಸಿಯಂ ಸ್ನಾಯುಗಳನ್ನು ಮಾತ್ರ ಸಡಿಲಗೊಳಿಸುತ್ತದೆ. ಹಿಡಿತ ಬಿಟ್ಟವನ್ನು ಮೇಲೆತ್ತುವುದು ಮನೆಯಲ್ಲಿ ಕಲ್ಲಿರುವ ಅಕ್ಕಿಯನ್ನು ಜಾಲಿಸುವ ರೀತಿಯಲ್ಲೇ: ಪಾತ್ರೆಯನ್ನು ಸುತ್ತಿಸಿ, ಭಾರದ ಮರಳು ಕೂರಲು ಕೆಲವು ಸೆಕೆಂಡು ಬಿಟ್ಟು, ಮೇಲಿನ ನೀರನ್ನು ಮಾತ್ರ ಜರಡಿಗೆ ಬಗ್ಗಿಸುವುದು, ಹೀಗೆ ನಾಲ್ಕೈದು ಸಲ.

ಜರಡಿಗಳು ಎರಡು. ಮೇಲಿನದರ ಕಣ್ಣು 1 ಮಿಲಿಮೀಟರ್, ಕೆಳಗಿನದರದು 63 ಮೈಕ್ರೋಮೀಟರ್. ಮೇಲಿನದರಿಂದ ಇಳಿದು ಕೆಳಗಿನದರ ಮೇಲೆ ಉಳಿದ ಪ್ರಾಣಿಗಳಿಗೆ ಮಿಯೋಫಾನಾ ಎಂದು ಹೆಸರು; 1942ರಲ್ಲಿ ಪ್ಲಿಮತ್ತಿನ ತಳದ ಕೆಸರನ್ನು ಅಭ್ಯಾಸ ಮಾಡಿದ ಮಾಲಿ ಮೇರ್ ಈ ಗುಂಪಿಗೆ ಆ ಹೆಸರು ಕೊಟ್ಟಳು. ದುಂಡುಹುಳು, ಕಠಿಣಚರ್ಮಿ, ಚಪ್ಪಟೆಹುಳು, ಪರಸ್ಪರ ಯಾವ ರಕ್ತಸಂಬಂಧವೂ ಇಲ್ಲದ ಹತ್ತಾರು ವಂಶಗಳನ್ನು ಒಂದೇ ಗುಂಪಿಗೆ ತಂದದ್ದು ಜರಡಿಯ ಕಣ್ಣಿನ ಅಳತೆಯೇ ಹೊರತು ಬೇರೇನಲ್ಲ. ಕೆಲವು ಪ್ರಯೋಗಾಲಯಗಳವರು 45 ಅಥವಾ 32 ಮೈಕ್ರೋಮೀಟರಿನ ಜರಡಿ ಬಳಸುತ್ತಾರೆ. ಅವರ ಲೆಕ್ಕದಲ್ಲಿ ಎಳೆಯ ದುಂಡುಹುಳುಗಳು ಹೆಚ್ಚಿಗೆ ಸಿಗುವುದು ಸಹಜ. ಎರಡು ಊರಿನ ಅಂಕಿಗಳನ್ನು ಹೋಲಿಸುವ ಮುನ್ನ ಜರಡಿಯ ಕಣ್ಣು ನೋಡದಿದ್ದರೆ, ನಾವು ಹೋಲಿಸುವುದು ಕಡಲುಗಳನ್ನಲ್ಲ, ಜರಡಿಗಳನ್ನು.

ಪೆಟ್ರಿ ತಟ್ಟೆಯಲ್ಲಿ ಜೀವಂತ ಪಾಲನ್ನು ನೋಡುವ ಆ ಒಂದು ಗಂಟೆ ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮೊದಲು ಕಣ್ಣಿಗೆ ಬೀಳುವುದು ಹಾರ್ಪ್ಯಾಕ್ಟಿಕಾಯ್ಡ್ ಕೋಪೆಪಾಡ್‌ಗಳು, ಅರ್ಧ ಮಿಲಿಮೀಟರ್ ಆಸುಪಾಸಿನ ಕಠಿಣಚರ್ಮಿಗಳು. ಮರಳಿನ ಸಂದಿಯವು ಉದ್ದಕ್ಕೆ ತೆಳ್ಳಗಿರುತ್ತವೆ. ಪಾಚಿಯ ಎಲೆಯ ಮೇಲಿನವುಗಳಲ್ಲಿ ಪಾರ್ಸೆಲಿಡಿಯಂ ಎಂಬುದು ಮೈಯನ್ನು ಚಪ್ಪಟೆ ಮಾಡಿಕೊಂಡು ಎಲೆಗೆ ಕವುಚಿ ಹಿಡಿದಿರುತ್ತದೆ, ಸೂಜಿಯಿಂದ ಒತ್ತಿದರೂ ಎಬ್ಬಿಸಲು ಕಷ್ಟ. ಇದೇ ಕುಲದವು ಕೆಲ್ಪಿನ ಎಲೆಗಳ ಮೇಲೂ ಇವೆ. ಮರಳಿನ ಕಣವೊಂದನ್ನು ದಾಟಿಕೊಂಡು ಬ್ಯಾಟಿಲಿಪೆಸ್ ಎಂಬ ಕಡಲ ಟಾರ್ಡಿಗ್ರೇಡ್, ಅಂದರೆ ಎಂಟು ಕಾಲಿನ ನೀರುಕರಡಿ, ಬರುವುದುಂಟು. ಅದರ ಒಂದೊಂದು ಕಾಲಿನ ಬೆರಳ ತುದಿಯಲ್ಲೂ ಪುಟ್ಟ ಬಿಲ್ಲೆಗಳಿವೆ, ಕಣದಿಂದ ಕಣಕ್ಕೆ ಹೋಗುವಾಗ ಹಿಂದಿನ ಕಾಲಿನ ಬಿಲ್ಲೆಗಳು ಕೊನೆಯ ಕ್ಷಣದವರೆಗೂ ಬಿಡುವುದಿಲ್ಲ. ಗ್ಯಾಸ್ಟ್ರೋಟ್ರಿಕ್‌ಗಳು ಹೊಟ್ಟೆಯ ರೋಮಗಳ ಮೇಲೆ ಜಾರುತ್ತ ಬರುತ್ತವೆ, ಏನಾದರೂ ಎದುರಾದರೆ ಬಾಲದ ಅಂಟುನಳಿಗೆಗಳನ್ನು ಊರಿ ಮೈಯನ್ನು ಸರಕ್ಕನೆ ಹಿಂದೆಗೆದುಕೊಳ್ಳುತ್ತವೆ. ಚಪ್ಪಟೆಹುಳುಗಳ ಹೊಟ್ಟೆಯೊಳಗೆ ಅವು ನುಂಗಿದ ಡಯಾಟಮ್‌ಗಳ ಕಂದು ಬಣ್ಣ ಹೊರಗಿನಿಂದಲೇ ಕಾಣುತ್ತದೆ.

ಇವುಗಳಲ್ಲಿ ಗ್ಯಾಸ್ಟ್ರೋಟ್ರಿಕ್, ಚಪ್ಪಟೆಹುಳು, ರೋಮಧಾರಿ ಏಕಕೋಶಜೀವಿಗಳನ್ನು ಜೀವಂತವಿರುವಾಗಲೇ ಚಿತ್ರ ಬರೆದೋ ವಿಡಿಯೊ ಹಿಡಿದೋ ಗುರುತಿಸದಿದ್ದರೆ ಮತ್ತೆ ಅವಕಾಶವಿಲ್ಲ. ಮಾದರಿ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣ ತಾಗಿದೊಡನೆ ಅವು ಮುದುಡಿ ಗುರುತು ಸಿಗದ ಉಂಡೆಗಳಾಗುತ್ತವೆ. ಪ್ರಕಟವಾದ ಎಷ್ಟೋ ಪಟ್ಟಿಗಳಲ್ಲಿ ಈ ಗುಂಪುಗಳ ಸಂಖ್ಯೆ ಸೊನ್ನೆಯ ಹತ್ತಿರ ಇರುವುದಕ್ಕೆ ಅವು ಇಲ್ಲದಿರುವುದಕ್ಕಿಂತ ಮಾದರಿಯನ್ನು ದಡದಲ್ಲೇ ಫಾರ್ಮಲಿನ್‌ಗೆ ಹಾಕಿದ್ದೇ ಕಾರಣವೆಂದು ನನ್ನ ಅಭಿಪ್ರಾಯ. ಇಂಥ ಮೆತ್ತನೆಯವುಗಳಿಗಾಗಿ ಹೆಲ್ಗೊಲ್ಯಾಂಡಿನ ಗೆರ್ಹಾರ್ಡ್ ಉಹ್ಲಿಗ್ 1964ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದ: ತಳಕ್ಕೆ ಬಲೆಬಟ್ಟೆ ಕಟ್ಟಿದ ಅಗಲವಾದ ಕೊಳವೆಯಲ್ಲಿ ಮರಳು ಹಾಕಿ, ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಕಡಲನೀರಿನಿಂದಲೇ ಮಾಡಿದ ಮಂಜುಗಡ್ಡೆಯ ಪುಡಿ. ಕರಗಿದ ತಣ್ಣೀರು ಮೇಲಿನಿಂದ ಇಳಿದಂತೆ ಪ್ರಾಣಿಗಳು ಚಳಿಗೂ ಉಪ್ಪಿನ ಏರುಪೇರಿಗೂ ಬೆದರಿ ಕೆಳಗೆ ಓಡಿ, ಬಲೆ ದಾಟಿ, ಕೆಳಗಿಟ್ಟ ತಟ್ಟೆಗೆ ಬೀಳುತ್ತವೆ. ಮಂಗಳೂರಿನ ಸೆಕೆಯಲ್ಲಿ ಗಡ್ಡೆ ಕರಗುವ ವೇಗವೇ ಹೆಚ್ಚಾದ್ದರಿಂದ ನಾವು ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇವೆ. ನೀರು ಇಳಿಯದ ನುಣ್ಣನೆಯ ಕೆಸರಿಗೆ ಈ ವಿಧಾನ ನಡೆಯುವುದಿಲ್ಲ. ಉದ್ಯಾವರ ಹೊಳೆಯ ಅಳಿವೆಯ ಕಡೆಯಿಂದ ತಂದ ಕೆಸರಿಗೆ ಹೊಂದುವುದು ಗುಳ್ಳೆಯ ವಿಧಾನ. ಕೈನೊರಿಂಕ್ ಎಂಬ ಮುಳ್ಳುತಲೆಯ ಪ್ರಾಣಿಗಳ ಹೊರಕವಚ ನೀರನ್ನು ಹಿಡಿಯದು. ಕೆಸರುನೀರಿನಲ್ಲಿ ಗಾಳಿ ಗುಳ್ಳೆ ಎಬ್ಬಿಸಿದರೆ ಅವು ಗುಳ್ಳೆಗೆ ಅಂಟಿ ಮೇಲೆ ಬಂದು ನೀರಿನ ಮೈಮೇಲೆ ಸಿಕ್ಕಿಕೊಳ್ಳುತ್ತವೆ, ಒಂದು ಕಾಗದವನ್ನು ಮೆಲ್ಲಗೆ ಮುಟ್ಟಿಸಿ ಎತ್ತಿದರೆ ಸಾಕು.

ವಿಧಾನ ಬದಲಾದಾಗ ಏನು ಸಿಗಬಹುದು ಎಂಬುದಕ್ಕೆ ಈ ಕ್ಷೇತ್ರದವರೆಲ್ಲ ಹೇಳುವ ಉದಾಹರಣೆ ಲೋರಿಸಿಫೆರಾ. 1982ರಲ್ಲಿ ಡೆನ್ಮಾರ್ಕಿನ ರೈನ್‌ಹಾರ್ಟ್ ಕ್ರಿಸ್ಟೆನ್ಸನ್ ರಾಸ್ಕಾಫ್‌ನಲ್ಲಿ ಸಮಯ ಸಾಲದೆ ಮರಳನ್ನು ಮಾಮೂಲಿ ಕ್ರಮದ ಬದಲು ಸಿಹಿನೀರಿನಲ್ಲಿ ತೊಳೆದ. ಸಿಹಿನೀರಿನ ಆಘಾತಕ್ಕೆ ಹಿಡಿತ ಬಿಟ್ಟು ಈಚೆ ಬಂದ ಪ್ರಾಣಿಗಳಲ್ಲಿ, ಅದುವರೆಗೆ ಪ್ರಾಣಿವಿಜ್ಞಾನಕ್ಕೆ ಗೊತ್ತೇ ಇರದ ಒಂದು ವಂಶದವು ಇದ್ದವು. ಮರುವರ್ಷ ಅದನ್ನು ಹೊಸ ವಂಶವೆಂದು ಪ್ರಕಟಿಸಿದ. ಅದೇ ಸಿಹಿನೀರು ಮೆತ್ತನೆಯ ಎಷ್ಟೋ ಜೀವಿಗಳನ್ನು ಒಡೆದು ಹಾಕುತ್ತದೆ ಎಂಬುದೂ ಅಷ್ಟೇ ನಿಜ. ನಮ್ಮಲ್ಲಿ ಸಿಹಿನೀರಿನ ಪಾಲನ್ನು ಬೇರೆಯಾಗಿಯೇ ಮಾಡುತ್ತೇವೆ, ಲೋರಿಸಿಫೆರಾ ಸಿಕ್ಕಿಲ್ಲ.

ಎರಡನೆಯ ಪಾಲು ಫಾರ್ಮಲಿನ್‌ಗೆ ಹೋಗುತ್ತದೆ. ಸಂಖ್ಯೆ ಎಣಿಸಬೇಕಾದರೆ ಇದೇ ದಾರಿ. ಫಾರ್ಮಾಲ್ಡಿಹೈಡಿನ ಪ್ರಮಾಣ 4 ಶೇಕಡಾ ಆಗುವಂತೆ ಕಡಲನೀರು ಸೇರಿಸಿ, ಆಮ್ಲೀಯವಾಗಿ ಸುಣ್ಣದ ಚಿಪ್ಪು ಕರಗಿಸದಿರಲೆಂದು ಬೋರಾಕ್ಸ್ ಹಾಕಿ, ಕೊನೆಗೆ ರೋಸ್ ಬೆಂಗಾಲ್ ಬಣ್ಣ ಬೆರೆಸುತ್ತೇವೆ. ಮರಳು, ಚಿಪ್ಪಿನ ಚೂರು, ಪಾಚಿಯ ತುಣುಕು ಇವುಗಳ ನಡುವೆ ಪ್ರಾಣಿಗಳ ಮೈಯ ಪ್ರೋಟೀನ್ ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗುವುದರಿಂದ ಕಣ್ಣಿಗೆ ಎಣಿಕೆ ಸುಲಭ. ಫೊರಾಮಿನಿಫೆರಾ ಎಂಬ ಸುಣ್ಣದ ಕೋಣೆಗಳ ಏಕಕೋಶಜೀವಿಗಳಲ್ಲಿ ಬದುಕಿದ್ದವನ್ನೂ ಬರಿಯ ಖಾಲಿ ಚಿಪ್ಪನ್ನೂ ಬೇರ್ಪಡಿಸಲು ವಾಲ್ಟನ್ ಎಂಬ ಸಂಶೋಧಕ 1952ರಲ್ಲಿ ಈ ಬಣ್ಣವನ್ನು ರೂಢಿಗೆ ತಂದ. ಆದರೆ ಸತ್ತ ಮೇಲೂ ಕೋಶದ್ರವ್ಯ ವಾರಗಟ್ಟಲೆ ಕೊಳೆಯದೆ ಉಳಿಯಬಹುದು, ಆಮ್ಲಜನಕವಿಲ್ಲದ ಕಪ್ಪು ಪದರದಲ್ಲಂತೂ ಇನ್ನೂ ಹೆಚ್ಚು ಕಾಲ, ಅದೂ ಗುಲಾಬಿಯಾಗುತ್ತದೆ. ಆದ್ದರಿಂದ ನನ್ನ ಹಾಳೆಯಲ್ಲಿ 'ಜೀವಂತ' ಎಂದು ಬರೆಯದೆ 'ಬಣ್ಣ ಹಿಡಿದದ್ದು' ಎಂದೇ ಬರೆಯುತ್ತೇನೆ.

ಬಣ್ಣ ಹಿಡಿದ ಮಾದರಿಯಲ್ಲಿ ಉಳಿದಿರುವ ಮರಳನ್ನು ಕಳೆಯಲು ಲುಡಾಕ್ಸ್ ಎಂಬ ಸಿಲಿಕಾ ದ್ರವವಿದೆ. ಅದರ ಸಾಂದ್ರತೆಯನ್ನು 1.15ರ ಆಸುಪಾಸಿಗೆ ಹೊಂದಿಸಿದರೆ ಪ್ರಾಣಿಗಳು ತೇಲುತ್ತವೆ, ಖನಿಜ ಮುಳುಗುತ್ತದೆ. ಕಡಲನೀರು ಸ್ವಲ್ಪವೇ ಉಳಿದಿದ್ದರೂ ಲುಡಾಕ್ಸ್ ಗಟ್ಟಿಯಾಗಿ ಹೆಪ್ಪುಗಟ್ಟುವುದರಿಂದ ಮೊದಲು ಮಾದರಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು. ತುಂಬಿದ ಚಿಪ್ಪಿನ ಫೊರಾಮಿನಿಫೆರಾ ಮತ್ತು ಎಳೆಯ ಮೃದ್ವಂಗಿಗಳು ಭಾರಕ್ಕೆ ಖನಿಜದ ಜೊತೆ ಮುಳುಗುತ್ತವಾದ್ದರಿಂದ ಕೆಳಗೆ ಕೂತದ್ದನ್ನು ಚೆಲ್ಲುವಂತಿಲ್ಲ, ಅದನ್ನೂ ನೋಡಬೇಕು. ಕಡಲ ತಳದಲ್ಲಿ ಸಾಮಾನ್ಯವಾಗಿ ಒಂದು ಚದರ ಮೀಟರಿಗೆ ಹತ್ತು ಲಕ್ಷದ ಆಸುಪಾಸು ಮಿಯೋಫಾನಾ ಇರುತ್ತದೆ ಎನ್ನುತ್ತಾರೆ; ನಮ್ಮ ಕೊಳವೆಯ ಅಳತೆಗೆ ಅದು ಸಾವಿರದಷ್ಟಾಯಿತು. ಗೆರೆ ಹಾಕಿದ ತಟ್ಟೆಯಲ್ಲಿ, ಕೈಯಲ್ಲಿ ಎಣಿಕೆಯ ಗುಂಡಿ ಒತ್ತುತ್ತ, ಚೌಕದಿಂದ ಚೌಕಕ್ಕೆ ಹೋಗುವ ಈ ಕೆಲಸದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಬೆನ್ನು ನೋಯುತ್ತದೆ.

ಎಣಿಕೆಯಲ್ಲಿ ಸಿಂಹಪಾಲು ದುಂಡುಹುಳುಗಳದು, ಅಂದರೆ ನೆಮಟೋಡ್‌ಗಳದು. ಜಗತ್ತಿನ ಉಳಿದೆಲ್ಲ ಪದಾರ್ಥ ಮಾಯವಾಗಿ ನೆಮಟೋಡ್‌ಗಳು ಮಾತ್ರ ಉಳಿದರೂ ಬೆಟ್ಟ, ಕಣಿವೆ, ಹೊಳೆ, ಕಡಲುಗಳ ಆಕಾರವನ್ನು ಅವುಗಳ ತೆಳುಪದರದಿಂದಲೇ ಗುರುತಿಸಬಹುದು ಎಂಬರ್ಥದ ಮಾತನ್ನು ಅಮೆರಿಕದ ನೇಥನ್ ಕಾಬ್ ನೂರು ವರ್ಷಕ್ಕೂ ಹಿಂದೆ ಬರೆದದ್ದು ಪ್ರಸಿದ್ಧವಾಗಿದೆ. ಅವನ್ನು ಜಾತಿಯ ಮಟ್ಟಕ್ಕೆ ಗುರುತಿಸಬೇಕಾದರೆ ಒಂದೊಂದನ್ನೂ ಎತ್ತಿ ಸ್ಲೈಡ್ ಮಾಡಬೇಕು. ಸೈನ್‌ಹಾರ್ಸ್ಟ್ ಎಂಬ ನೆಮಟೋಡ್ ತಜ್ಞ 1959ರಲ್ಲಿ ಕೊಟ್ಟ ಕ್ರಮ ಈಗಲೂ ನಡೆಯುತ್ತಿದೆ: ಹುಳುಗಳನ್ನು ಆಲ್ಕೋಹಾಲಿನ ಆವಿಯಲ್ಲಿಟ್ಟು ನೀರನ್ನು ತೆಗೆದು, ಆಮೇಲೆ ಆಲ್ಕೋಹಾಲಿನ ಜಾಗಕ್ಕೆ ಗ್ಲಿಸರಿನ್ ನಿಧಾನವಾಗಿ ಒಳಹೋಗುವಂತೆ ಮಾಡುವುದು. ಅವಸರ ಮಾಡಿದರೆ ಹುಳು ಸುಕ್ಕುಗಟ್ಟುತ್ತದೆ. ಗ್ಲಿಸರಿನ್ ಹೊಕ್ಕ ಮೇಲೆ ಮೈ ಪಾರದರ್ಶಕವಾಗಿ, ಬಾಯಿಯಿಂದ ಬಾಲದವರೆಗೆ ಒಳಗಿನದೆಲ್ಲ ಕಾಣುತ್ತದೆ. ನಾವು ನೋಡುವುದು ಮುಖ್ಯವಾಗಿ ಬಾಯಿ. ವುಲ್ಫ್‌ಗ್ಯಾಂಗ್ ವೀಸರ್ 1953ರಲ್ಲಿ ಬಾಯಿಯ ರಚನೆಯ ಮೇಲೆ ಅವನ್ನು ನಾಲ್ಕು ಗುಂಪು ಮಾಡಿದ: ಬಾಯಿಯ ಕುಹರವೇ ಇಲ್ಲದಷ್ಟು ಕಿರಿದಾಗಿ ಬ್ಯಾಕ್ಟೀರಿಯಾ ಹೀರುವವು, ಅಗಲ ಬಾಯಲ್ಲಿ ಕಸಕಡ್ಡಿಯ ಚೂರು ನುಂಗುವವು, ಸಣ್ಣ ಹಲ್ಲಿನಿಂದ ಡಯಾಟಮ್ ಕೆರೆದು ತಿನ್ನುವವು, ದೊಡ್ಡ ದವಡೆಯಿಂದ ಬೇಟೆಯಾಡುವವು. ಸರ್ಗ್ಯಾಸಮ್ಮಿನ ಬುಡದಿಂದ ತೊಳೆದು ತೆಗೆದವುಗಳಲ್ಲಿ ಹಲ್ಲಿನವು ಹೆಚ್ಚು, ಅವುಗಳಲ್ಲೂ ಕೆಲವಕ್ಕೆ ಕತ್ತಿನ ಬಳಿ ಕೆಂಪು ಕಣ್ಣಚುಕ್ಕೆ ಇರುತ್ತದೆ. ಕೊಳೆತ ಹೊಂಡದ ಕಪ್ಪು ಮರಳಿನಲ್ಲಿ ಹಲ್ಲಿಲ್ಲದ ಕಿರುಬಾಯಿಯವು ಹೆಚ್ಚು. ಮೇಲೆ ಹಸಿರು ಮೇವು, ಕೆಳಗೆ ಕೊಳೆತ ಮೇವು ಎಂಬ ವಿಂಗಡಣೆ ಬಾಯಿಗಳ ಲೆಕ್ಕದಲ್ಲೇ ಕಾಣುವುದು ನನಗೆ ಈಗಲೂ ಹಿಡಿಸುತ್ತದೆ.

ಡಯಾಟಮ್‌ಗಳ ಪಾಲಿಗೆ ಬಂದರೆ ಎಲ್ಲ ತಿರುಗುಮುರುಗು. ಅವುಗಳ ಜಾತಿ ಗುರುತಿಸುವುದು ಸಿಲಿಕಾ ಚಿಪ್ಪಿನ ಮೇಲಿನ ಗೆರೆಗಳಿಂದ, 10 ಮೈಕ್ರೋಮೀಟರ್ ಉದ್ದದೊಳಗೆ ಎಷ್ಟು ಗೆರೆ ಎಂಬ ಎಣಿಕೆಯಿಂದ. ಗೆರೆ ಕಾಣಬೇಕಾದರೆ ಒಳಗಿನ ಜೀವದ್ರವ್ಯವನ್ನೆಲ್ಲ ಆಮ್ಲದಲ್ಲಿ ಸುಟ್ಟು ತೆಗೆಯಬೇಕು. ಫೊರಾಮಿನಿಫೆರಾಗಳನ್ನು ಉಳಿಸಲು ಬೋರಾಕ್ಸ್ ಹಾಕಿದ ಕೈಯಲ್ಲೇ ಇಲ್ಲಿ ಅವನ್ನು ಕರಗಿಸುವ ಆಮ್ಲ ಸುರಿಯುತ್ತೇವೆ. ಸತ್ತದ್ದೂ ಬದುಕಿದ್ದದ್ದೂ ಆ ಸ್ಲೈಡಿನಲ್ಲಿ ಒಂದೇ.

ಇಷ್ಟೆಲ್ಲ ಪಾಲು ಮಾಡಿದರೂ ಕೆಲ್ಪ್ ಕಾಡಿನ ತಳದ ಒಂದು ಜೀವಿ ಈ ಯಾವ ವಿಧಾನಕ್ಕೂ ಸಿಗುವುದಿಲ್ಲ, ಆ ಜೀವಿ ಕೆಲ್ಪೇ. 1915ರಲ್ಲಿ ಫ್ರಾನ್ಸಿನ ಕಮೀಯ್ ಸೊವಾಜೊ ತೋರಿಸಿಕೊಟ್ಟ ಪ್ರಕಾರ, ದೊಡ್ಡ ಕೆಲ್ಪ್ ಬಿಡುವ ಈಜುವ ಬೀಜಕಣಗಳು ಬಂಡೆಯ ಮೇಲೆ ಕೂತು ಬೆಳೆದು ನೇರವಾಗಿ ಕೆಲ್ಪ್ ಆಗುವುದಿಲ್ಲ. ಅವು ಕೆಲವೇ ಕೋಶಗಳ ಎಳೆಗಳಾಗುತ್ತವೆ, ಗಂಡು ಬೇರೆ, ಹೆಣ್ಣು ಬೇರೆ. ಆ ಎಳೆಗಳು ಕೂಡಿ ಗರ್ಭಕಟ್ಟಿದ ಮೇಲೆಯೇ ಹೊಸ ಕೆಲ್ಪ್. ಬೆಳಕು, ವಿಶೇಷವಾಗಿ ನೀಲಿ ಬೆಳಕು, ಮತ್ತು ಪೋಷಕಗಳು ಸಾಲದಿದ್ದರೆ ಈ ಎಳೆಗಳು ಫಲಿಸದೆ ತಿಂಗಳುಗಟ್ಟಲೆ ಹಾಗೆಯೇ ಉಳಿಯಬಲ್ಲವು. ಮೂವತ್ತು ಮೀಟರಿನ ಕಾಡು ಬಿರುಗಾಳಿಗೆ ಕಿತ್ತುಹೋದ ಮೇಲೂ ಮತ್ತೆ ಮೇಲೇಳುವುದು ಇವುಗಳ ಬಲದಿಂದಲೇ. ಆದರೆ ಇವು ಬಂಡೆಗೆ ಅಂಟಿರುವುದರಿಂದ ಕೊಳವೆಗೆ ಬರುವುದಿಲ್ಲ, ಕೆರೆದು ತೆಗೆದರೂ ಜರಡಿಯಿಂದ ಇಳಿದುಹೋಗುತ್ತವೆ, ಸೂಕ್ಷ್ಮದರ್ಶಕದ ಅಡಿಗೆ ಬಂದರೂ ಬೇರೆ ಕಂದು ಪಾಚಿಗಳ ಎಳೆಗಳಿಂದ ಇವನ್ನು ಬೇರೆಯೆಂದು ಹೇಳುವುದು ಕಷ್ಟ. ಸರ್ಗ್ಯಾಸಮ್‌ನಲ್ಲಿ ಇಂಥ ಬೇರೆ ಬದುಕಿನ ಎಳೆಯ ಹಂತವಿಲ್ಲ. ದೊಡ್ಡ ಗಿಡವೇ ಅಂಡವನ್ನೂ ವೀರ್ಯಾಣುವನ್ನೂ ಉತ್ಪಾದಿಸುತ್ತದೆ. ಹಾಗಾಗಿ ಮಳೆಗಾಲದ ಅಲೆಗಳು ಕಾಪುವಿನ ಬಂಡೆಗಳನ್ನು ಬೋಳಿಸಿದ ಮೇಲೆ ಅದು ಮತ್ತೆ ಚಿಗುರುವುದು ಬಂಡೆಗೆ ಕಚ್ಚಿ ಉಳಿದ ಬುಡಗಳಿಂದ ಮತ್ತು ಹೊಸದಾಗಿ ಕೂತ ಮೊಳಕೆಗಳಿಂದ. ಈ ಒಂದು ವಿಷಯದಲ್ಲಿ ಕೆಲ್ಪಿನ ಪಾಠವನ್ನು ನಮ್ಮ ಬಂಡೆಗೆ ತರಲಾಗುವುದಿಲ್ಲ.

ಕೆಲ್ಪಿನ ಆ ಎಳೆಗಳನ್ನು ಈಗ ಬೇರೆ ದೇಶಗಳಲ್ಲಿ ಹುಡುಕುವುದು ಬಂಡೆಯ ಕೆರೆತದಿಂದ ತೆಗೆದ ಡಿಎನ್‌ಎ ಮೂಲಕ. ನಮ್ಮ ಮರಳಿನ ಮೂರನೆಯ ಪಾಲು ಇದ್ದದ್ದೂ ಡಿಎನ್‌ಎಗಾಗಿಯೇ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಇದನ್ನು ಆಲ್ಕೋಹಾಲಿನಲ್ಲಿ ಇಡುತ್ತೇವೆ. ಆಲ್ಕೋಹಾಲಿನಲ್ಲಿ ಮೈ ಸುಕ್ಕುಗಟ್ಟುತ್ತದೆ, ರೂಪ ನೋಡಿ ಹೆಸರು ಹೇಳಲಾಗುವುದಿಲ್ಲ. ಡಿಎನ್‌ಎ ಸಿಕ್ಕಿದರೂ ಹೋಲಿಸಿ ನೋಡಲು ಸಾರ್ವಜನಿಕ ಸಂಗ್ರಹಗಳಲ್ಲಿ ಕಡಲ ನೆಮಟೋಡ್‌ಗಳ ಅನುಕ್ರಮಗಳು ಜಾತಿಗಳ ಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ. ಹೀಗಾಗಿ ರೂಪವೂ ಡಿಎನ್‌ಎಯೂ ಒಂದೇ ಹುಳುವಿನಿಂದ ಬರುವಂತೆ ಕೆಲಸವನ್ನು ತಿರುಗಿಸಿಕೊಂಡಿದ್ದೇವೆ. ಜೀವಂತ ಹುಳುವನ್ನು ಸೂಜಿಯ ಮೊನೆಯಲ್ಲಿ ಎತ್ತಿ ಸ್ಲೈಡಿನ ಹನಿಗೆ ಬಿಟ್ಟು, ಕವರ್ ಸ್ಲಿಪ್ ಮುಚ್ಚಿ, ಮೇಲಿನಿಂದ ಕೆಳಗಿನವರೆಗೆ ಫೋಕಸ್ ಬದಲಿಸುತ್ತ ಬಾಯಿ, ಕತ್ತು, ಬಾಲಗಳ ವಿಡಿಯೊ ಹಿಡಿಯುತ್ತೇವೆ. ಆಮೇಲೆ ಕವರ್ ಸ್ಲಿಪ್ಪಿನ ಅಂಚಿಗೆ ಒಂದು ಹನಿ ನೀರು ಬಿಟ್ಟು ಅದನ್ನು ಜಾರಿಸಿ, ಅದೇ ಹುಳುವನ್ನು ಸಣ್ಣ ಕೊಳವೆಗೆ ಹಾಕಿ, ಕೊಳವೆಯ ಮೇಲೂ ವಿಡಿಯೊದ ಕಡತಕ್ಕೂ ಒಂದೇ ಸಂಖ್ಯೆ ಬರೆಯುತ್ತೇವೆ. ಕಾಪುವಿನವು ಬಹುಪಾಲು ಮುಗಿದಿವೆ. ಮಳೆಗಾಲ ಕಳೆದು ಪಾಚಿ ಚಿಗುರಿದ ಮೇಲೆ ಸೋಮೇಶ್ವರದ ಬಂಡೆಗಳಿಂದ ಮುಂದಿನ ಮಾದರಿ ತರಬೇಕು.